ದ್ರಾಕ್ಷಿಯ ಕುಲಗೋತ್ರ

ದ್ರಾಕ್ಷಿಯ ಬೀಜ ಬಿತ್ತಿದರೆ ತಾಯಿಬಳ್ಳಿಯ ಹಣ್ಣೇ ಬರುವುದೆಂಬ ಭರವಸೆಯಿಲ್ಲ. ಆದ್ದರಿಂದ ಬೆಳೆಗಾರರು ಬಳ್ಳಿಯ ತುಂಡನ್ನೇ ಕತ್ತರಿಸಿ ನೆಟ್ಟು ತಳಿಯನ್ನು ಉಳಿಸಿಕೊಂಡು ಬಂದಿದ್ದಾರೆ. ಹೆಸರಾಂತ ವೈನ್ ದ್ರಾಕ್ಷಿಗಳ ಶುದ್ಧತೆಯೆಂದರೆ ಇಷ್ಟೇ: ಎಂದೋ ಹುಟ್ಟಿದ ಒಂದು ಸಸಿಗೆ ಮುಂದೆ ಸಂತಾನವಾಗದಂತೆ ನೋಡಿಕೊಂಡದ್ದು! ಆ ಮೊದಲ ಸಸಿ ಮಾತ್ರ ಬೀಜದಿಂದಲೇ ಹುಟ್ಟಿದ್ದು. ಅದರ ತಂದೆತಾಯಿ ಯಾರು?

ಫ್ರಾನ್ಸಿನ ಈಶಾನ್ಯ ಭಾಗದಲ್ಲಿ ಪೀನೋ ಎಂಬ ತಳಿ ಕುಲೀನವೆನಿಸಿತ್ತು. ಗುವೇ ಬ್ಲಾಂ ಎಂಬುದು ಬಡರೈತರ ದ್ರಾಕ್ಷಿ. ಹೇರಳವಾಗಿ ಬಿಡುವುದು, ಆದರೆ ವೈನ್ ಸಪ್ಪೆ. ಬಲ್ಲವರು ಅದನ್ನು ಕೀಳೆಂದೇ ಎಣಿಸಿದರು. ಕ್ರಮೇಣ ಆ ಸೀಮೆಯಲ್ಲಿ ಅದರ ಬೇಸಾಯವೂ ನಿಂತಿತು. 1999ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಡಿ.ಎನ್.ಎ. ಪರೀಕ್ಷೆಯ ಆಧಾರದ ಮೇಲೆ, ಅಲ್ಲಿನ 16 ತಳಿಗಳು ಈ ಎರಡರ ಸಂಕರದಿಂದಲೇ ಹುಟ್ಟಿದವೆಂದು ಪ್ರಕಟಿಸಿದರು. ಬಿಳಿ ವೈನಿಗೆ ಜಗತ್ತಿನಲ್ಲೆಲ್ಲ ಹೆಸರಾದ ಶಾರ್ಡೊನೆ ಅವುಗಳಲ್ಲೊಂದು. ಗಾಮೆ ಎಂಬ ಕಪ್ಪು ದ್ರಾಕ್ಷಿ ಮತ್ತೊಂದು.

ಈ ಗಾಮೆಯ ಕಥೆ ಸ್ವಾರಸ್ಯವಾಗಿದೆ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್, ಅದು ದ್ರೋಹಿ ಗಿಡವೆಂದು ಸಾರಿ ಕಿತ್ತೊಗೆಯಲು ಆಜ್ಞೆ ಮಾಡಿದ. ಗಿಡ ಯಾರಿಗೆ ದ್ರೋಹ ಮಾಡೀತು? ಹೆಚ್ಚು ಇಳುವರಿ ಬಯಸಿ ನೆಟ್ಟವರು ಮನುಷ್ಯರು. ಆದರೂ ದೊರೆಯ ದೂರು ಪೂರ್ತಿ ಸುಳ್ಳಲ್ಲ. ಬರ್ಗಂಡಿಯ ಸುಣ್ಣಕಲ್ಲಿನ ನೆಲದಲ್ಲಿ ಗಾಮೆಯ ವೈನಿಗೆ ಅಷ್ಟು ಗುಣ ಬರುವುದಿಲ್ಲ. ಅದೇ ಬಳ್ಳಿ ಪಕ್ಕದ ಬೋಜೊಲೆಯ ಗ್ರಾನೈಟ್ ನೆಲದಲ್ಲಿ ಸೊಗಸಾದ ವೈನ್ ಕೊಡುತ್ತದೆ.

ಹಾಗಾದರೆ ಒಳ್ಳೆಯದು ಕೆಟ್ಟದ್ದೆಂಬ ವಿವೇಚನೆಯೇ ಬೇಡವೇ? ಖಂಡಿತ ಬೇಕು. ಹಣ್ಣು ಹುಳಿಯಾದರೆ ಹುಳಿ ಎನ್ನೋಣ. ನನ್ನ ತಕರಾರು, ಹಣ್ಣನ್ನು ಬಾಯಿಗಿಡುವ ಮೊದಲೇ ಬಳ್ಳಿಯ ವಂಶ ಕೇಳುವವರ ಬಗ್ಗೆ. ಊರು ಬಿಟ್ಟು ಸಾವಿರ ಮೈಲಿ ದೂರ ಬಂದಮೇಲೂ ಹೊಸಬರ ಪರಿಚಯವಾದೊಡನೆ ನಾವು ಹೆಸರು, ಊರು ಕೇಳಿ, ಮೂರನೆಯ ಪ್ರಶ್ನೆಯನ್ನು ಸುತ್ತಿಬಳಸಿ ಕೇಳುತ್ತೇವಷ್ಟೆ! ವಂಶ ತಿಳಿದರೆ ಗುಣ ತಿಳಿಯುತ್ತದೆ ಎಂಬುದು ಅವರ ಸಮರ್ಥನೆ. ತುಂಡು ನೆಟ್ಟು ಬೆಳೆಸಿದ ಬಳ್ಳಿಯ ಮಟ್ಟಿಗೆ ಇದು ಬಹುಮಟ್ಟಿಗೆ ನಿಜ. ಮನುಷ್ಯ ಹಾಗೆ ಬೆಳೆಯುವವನಲ್ಲ. ಅವನು ಬೀಜದಿಂದ ಹುಟ್ಟುವವನು. ಬೀಜದಿಂದ ಹುಟ್ಟಿದ ಶಾರ್ಡೊನೆ, ಗಾಮೆಗಳು ಒಂದೇ ತಂದೆತಾಯಿಗಳ ಮಕ್ಕಳಾಗಿಯೂ ಬಣ್ಣದಲ್ಲಿ ಬೇರೆ, ರುಚಿಯಲ್ಲಿ ಬೇರೆ.

ಇನ್ನೊಂದು ಮಾತು. ಪೀನೋ ಮತ್ತು ಗುವೇ ರಕ್ತಸಂಬಂಧದಲ್ಲಿ ಬಲು ದೂರದವು. ಸಂತಾನ ಇಷ್ಟು ಸತ್ವಶಾಲಿಯಾಗಲು ಆ ದೂರವೇ ಕಾರಣವಿರಬಹುದೆಂದು ವಿಜ್ಞಾನಿಗಳ ಊಹೆ. ಕುಲೀನರ ತೋಟದ ಪಕ್ಕದಲ್ಲೇ ಬಡರೈತನ ತೋಟವಿದ್ದುದರಿಂದ ಇದು ನಡೆಯಿತು. ಪರಾಗ ಬೇಲಿ ದಾಟುವಾಗ ಯಾರೂ ತಡೆಯಲಿಲ್ಲ.