ದ್ವೀಪಪ್ರವಾಸ ಮತ್ತು ದಿಗ್ವ್ರತ

ನ್ಯಾಯಮಾರ್ಗದಿಂದ ಗಳಿಸಿದ ದ್ರವ್ಯದಲ್ಲಿ ಒಂದು ಪಾಲನ್ನು ಗೃಹಸ್ಥನು ಕುಟುಂಬದ ಸಂತೋಷಕ್ಕಾಗಿ ವ್ಯಯಿಸುವುದು ದೋಷವಲ್ಲ. ಆದರೆ ಸಂತೋಷವನ್ನು ಅರಸಿ ಹೊರಡುವವನು ತಾನು ಎಲ್ಲಿ ನಿಲ್ಲಬೇಕೆಂಬುದನ್ನು ಹೊರಡುವ ಮೊದಲೇ ನಿಶ್ಚಯಿಸಬೇಕೇ, ಅಥವಾ ಹೋದ ಮೇಲೆ ನೋಡಿಕೊಂಡರೆ ಸಾಕೇ? ಅಂಡಮಾನ್ ದ್ವೀಪಗಳಿಗೆ ಹೊರಡಲು ಸಿದ್ಧವಾದ ಒಂದು ವ್ಯಾಪಾರಿ ಕುಟುಂಬದಲ್ಲಿ ಈ ಪ್ರಶ್ನೆ ಎದ್ದಿತು.

ಮಗ ಹಾಕಿದ ಯೋಜನೆ ಹೀಗಿತ್ತು: ಡಿಸೆಂಬರಿನಲ್ಲಿ ಆರು ದಿನ. 2024ರವರೆಗೆ ಪೋರ್ಟ್ ಬ್ಲೇರ್ ಎಂದು ಕರೆಯಲಾಗುತ್ತಿದ್ದ ಶ್ರೀ ವಿಜಯಪುರಂಗೆ ವಿಮಾನ. ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪ ಮತ್ತು ಶಹೀದ್ ದ್ವೀಪ, ಅಂದರೆ ಹಿಂದಿನ ಹ್ಯಾವ್‌ಲಾಕ್ ಮತ್ತು ನೀಲ್. ವಂಡೂರಿನಿಂದ ಜಾಲಿ ಬಾಯ್. ರಸ್ತೆಯ ಮೂಲಕ ಬಾರಾಟಾಂಗ್. ಕೊನೆಗೆ ರಾಸ್ ದ್ವೀಪ. ನಡುವೆ ಉಸಿರಾಟದ ಸಲಕರಣೆ ಕಟ್ಟಿಕೊಂಡು ಕಡಲಿನಾಳಕ್ಕೆ ಇಳಿಯುವ ಕಾರ್ಯಕ್ರಮ. ಇದೆಲ್ಲವೂ ತಂದೆಯವರಿಗೆ ಎಪ್ಪತ್ತು ತುಂಬಿದ ನೆನಪಿಗಾಗಿ.

ತಂದೆಯಾದರೋ ಮೂವತ್ತು ವರ್ಷಗಳ ಹಿಂದೆ ಮುನಿಸನ್ನಿಧಿಯಲ್ಲಿ ದಿಗ್ವ್ರತವನ್ನು ಸ್ವೀಕರಿಸಿದ್ದರು. ಉತ್ತರಕ್ಕೆ ಹಿಮಾಲಯ, ಉಳಿದ ದಿಕ್ಕುಗಳಲ್ಲಿ ಸಮುದ್ರತೀರ; ಅದರಾಚೆಗೆ ಯಾವಜ್ಜೀವವೂ ಹೋಗುವುದಿಲ್ಲವೆಂದು ನಿಯಮ.

“ಅಪ್ಪಾಜಿ, ಅಂಡಮಾನ್ ನಮ್ಮ ದೇಶದ್ದೇ ನೆಲ. ವ್ಯಾಪಾರದ ಲೋಭ ಬೆಳೆಯಬಾರದೆಂದು ತಾವು ಆ ವ್ರತ ತೆಗೆದುಕೊಂಡಿರಿ. ಇದರಲ್ಲಿ ವ್ಯಾಪಾರವೇನೂ ಇಲ್ಲವಲ್ಲ” ಎಂದನು ಮಗ. ತಾಯಿಯೋ, “ಅವರು ಬಾರದಿದ್ದರೆ ನಾನೂ ಬರುವುದಿಲ್ಲ” ಎಂದರು. ಜೀವನದಲ್ಲಿ ಒಮ್ಮೆ ಹಡಗು ಹತ್ತಬೇಕೆಂಬುದು ಅವರ ಬಹುದಿನದ ಆಸೆ. ಒಬ್ಬರ ವ್ರತವು ಮನೆಮಂದಿಯ ಸಂತೋಷಕ್ಕೆ ಅಡ್ಡ ಬಂದಂತಾಯಿತು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಮೇರೆ ಮೀರುವುದು ಮೂರು. ಕ್ಷೇತ್ರವೃದ್ಧಿ ಎಂದರೆ ಮೇರೆಯನ್ನು ಹಿಗ್ಗಿಸುವುದು ನಾಲ್ಕನೆಯದು. ಇಟ್ಟ ಮೇರೆಯನ್ನು ಮರೆಯುವುದು ಐದನೆಯದು. ಮಗನ ವಾದವು ನಾಲ್ಕನೆಯದು. ಕಾರಣ ಒಳ್ಳೆಯದಾದಾಗಲೆಲ್ಲ ಸರಿಯುವ ಗಡಿಯು ಗಡಿಯೇ ಅಲ್ಲ. ತಂದೆ ಇದನ್ನು ಬಲ್ಲವರು. ಅವರು ಹೇಳಿದ್ದಿಷ್ಟೆ: “ನಾನು ಬರಲಾರೆ. ಆದರೆ ನನ್ನ ಮೇರೆಯನ್ನು ನಿಮ್ಮ ತಲೆಯ ಮೇಲೆ ಹೊರಿಸಲಾರೆ. ನಿನ್ನ ತಾಯಿಯನ್ನು ಕರೆದುಕೊಂಡು ಹೋಗು. ಆ ಕಾಗದವನ್ನೊಮ್ಮೆ ತೋರಿಸು.”

ಕಾಗದದಲ್ಲಿ ಖರ್ಚಿನ ಲೆಕ್ಕವಿತ್ತು, ಹಿಂಸೆಯ ಲೆಕ್ಕವಿರಲಿಲ್ಲ. ಬಾರಾಟಾಂಗಿಗೆ ಹೋಗುವ ರಸ್ತೆ ಜಾರವಾ ಜನರ ಮೀಸಲು ಅರಣ್ಯವನ್ನು ಸೀಳಿಕೊಂಡು ಸಾಗುತ್ತದೆ. ಅದನ್ನು ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿಯೇ ಆದೇಶಿಸಿತ್ತು. ಆದರೂ ವಾಹನಗಳ ಸಾಲು ನಿಲ್ಲಲಿಲ್ಲ. ಪ್ರವಾಸಿಗರೆದುರು ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ದೃಶ್ಯಗಳು 2012ರಲ್ಲಿ ಹೊರಬಿದ್ದಾಗ ದೇಶವೇ ತಲೆ ತಗ್ಗಿಸಿತು. ಮನುಷ್ಯರನ್ನು ನೋಟದ ವಸ್ತುವಾಗಿಸುವ ದಾರಿಯಲ್ಲಿ ಅಹಿಂಸಾಧರ್ಮೀಯನ ವಾಹನಕ್ಕೇನು ಕೆಲಸ?

ಇನ್ನು ಹವಳ. ಮೂಲಾಚಾರವು ಪ್ರವಾಳವನ್ನು ಪೃಥ್ವೀಕಾಯದ ಭೇದಗಳಲ್ಲಿ ಎಣಿಸಿದೆ. ಇಂದಿನ ಜೀವಶಾಸ್ತ್ರವು ಅದನ್ನು ಅಸಂಖ್ಯ ಸೂಕ್ಷ್ಮ ಪ್ರಾಣಿಗಳ ಸಮೂಹವೆನ್ನುತ್ತದೆ. ಯಾವುದನ್ನು ಒಪ್ಪಿದರೂ ಕಾಲಿನಡಿ ಮುರಿಯುವುದು ಕಲ್ಲಲ್ಲ. 2010ರಲ್ಲಿ ಕಡಲು ಬಿಸಿಯೇರಿ ಅಂಡಮಾನಿನ ಹವಳಗಳು ಬಿಳಿಚಿಕೊಂಡವು. ಅವು ಚೇತರಿಸಿಕೊಳ್ಳಲೆಂದು ಸರಕಾರವೇ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ವರ್ಷದಲ್ಲಿ ಸರದಿಯಂತೆ ತೆರೆದು ಮುಚ್ಚುತ್ತದೆ.

ಸಮಂತಭದ್ರಾಚಾರ್ಯರು ಪ್ರಯೋಜನವಿಲ್ಲದೆ ನೆಲ, ನೀರುಗಳನ್ನು ಕಲಕುವುದನ್ನೂ, ತಾನು ಅಲೆದು ಇತರರನ್ನೂ ಅಲೆಸುವುದನ್ನೂ ಪ್ರಮಾದಚರ್ಯೆ ಎಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಹಾಗಾದರೆ ಪ್ರವಾಸವೆಲ್ಲವೂ ಅನರ್ಥದಂಡವೇ? ದುಡಿದು ದಣಿದವರಿಗೆ ವಿಶ್ರಾಂತಿ ಬೇಕು. ಮಕ್ಕಳು ಲೋಕವನ್ನು ಕಾಣಬೇಕು. ದೋಣಿ ನಡೆಸುವ ದ್ವೀಪವಾಸಿಯ ಮನೆಯಲ್ಲಿಯೂ ಒಲೆ ಉರಿಯಬೇಕು. ಇವೆಲ್ಲ ನಿಜವಾದ ಪ್ರಯೋಜನಗಳು. ಆದರೆ ಇವು ಎರಡು ದ್ವೀಪಗಳಲ್ಲಿಯೂ ಸಿದ್ಧಿಸುತ್ತವೆ. ಮೂರನೆಯ ದ್ವೀಪವನ್ನು ಕೇಳುವುದು ದಣಿವಲ್ಲ, ‘ಇನ್ನೊಂದು’ ಎಂಬ ತೃಷ್ಣೆ.

ಯಾವಜ್ಜೀವ ದಿಗ್ವ್ರತ ಸಾಧ್ಯವಾಗದವರಿಗೆ ದೇಶವ್ರತವಿದೆ. ನಿಯತ ಕಾಲಕ್ಕೆ ನಿಯತ ಕ್ಷೇತ್ರ. ಆ ಮನೆಯ ಮಕ್ಕಳು ಆರು ದಿನಗಳಿಗೆ ಅದನ್ನೇ ಸ್ವೀಕರಿಸಿದರು. ಶ್ರೀ ವಿಜಯಪುರಂ ಬಿಟ್ಟರೆ ಎರಡೇ ದ್ವೀಪ, ಬಾರಾಟಾಂಗ್ ಇಲ್ಲ, ಕಡಲಿನಾಳಕ್ಕಿಳಿಯುವುದಿಲ್ಲ, ಹವಳ, ಶಂಖಗಳನ್ನು ಮುಟ್ಟುವುದಿಲ್ಲ, ತರುವುದಿಲ್ಲ. ಪೂರ್ವದ ಆ ದ್ವೀಪಗಳಲ್ಲಿ ಡಿಸೆಂಬರಿನಲ್ಲಿ ಸಂಜೆ ಸುಮಾರು 5 ಗಂಟೆಗೇ ಸೂರ್ಯಾಸ್ತವಾಗುವುದರಿಂದ ಹಡಗಿನ ವೇಳೆಯನ್ನು ಊಟದ ವೇಳೆಗೆ ಹೊಂದಿಸಿ ಆರಿಸಿದರು. ತಾಯಿ ಒಪ್ಪಿ ಹೊರಟರು. ತಂದೆ ಮನೆಯಲ್ಲಿ ಉಳಿದರು. ಒಬ್ಬರೇ ಉಳಿದುದರ ಬೇಸರ ಅವರಿಗೆ ಇರಲಿಲ್ಲವೆಂದಲ್ಲ. ಏನನ್ನೂ ಬಿಡಿಸದ ವ್ರತಕ್ಕೆ ಬೆಲೆಯೆಲ್ಲಿ?

ಬಸದಿಗಳ ವಿಶ್ವಸ್ತ ಮಂಡಳಿಗಳೂ ಈಗ ಸಾಮೂಹಿಕ ಯಾತ್ರೆ, ಪ್ರವಾಸಗಳನ್ನು ಏರ್ಪಡಿಸುತ್ತವೆ. ಕರಪತ್ರದಲ್ಲಿ ನೋಡುವ ಸ್ಥಳಗಳ ಪಟ್ಟಿಯಿರುತ್ತದೆ. ಅದರ ಪಕ್ಕದಲ್ಲಿಯೇ ಯಾವುದನ್ನು ಬಿಡಲಾಗಿದೆ, ಏಕೆ ಬಿಡಲಾಗಿದೆ ಎಂಬ ಇನ್ನೊಂದು ಪಟ್ಟಿಯನ್ನೂ ಅಚ್ಚು ಹಾಕಿಸುವುದು ಉಚಿತ. ಟಿಕೆಟ್ ಕೊಂಡ ಮೇಲೆ ಮೇರೆ ಹಾಕಿಕೊಳ್ಳುವುದು ಕಷ್ಟ.