ನಡೆಯದ ಕೊಲೆಗಳ ಲೆಕ್ಕ

ಅಮೆರಿಕ ಸರ್ಕಾರ ಶಾಂತಿಗೆಂದೇ ಒಂದು ಸಂಸ್ಥೆಯನ್ನು ಹುಟ್ಟುಹಾಕಿದ್ದು 1984ರಲ್ಲಿ. ಆ ಕಾನೂನನ್ನು ಹುಡುಕಿಕೊಂಡು ಹೋದರೆ ಅದು ಸಿಗುವುದು ಆ ದೇಶದ ರಕ್ಷಣಾ ಮಸೂದೆಯ ಹೊಟ್ಟೆಯೊಳಗೆ! ಕ್ಷಿಪಣಿಗೆ, ಯುದ್ಧನೌಕೆಗೆ, ಸೈನಿಕರ ಸಂಬಳಕ್ಕೆ ಮಂಜೂರಾತಿ ಕೊಡುವ ಭಾರೀ ಮಸೂದೆಯೊಂದರ 17ನೆಯ ಭಾಗವಾಗಿ ‘ಯುನೈಟೆಡ್ ಸ್ಟೇಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಪೀಸ್’ ಹುಟ್ಟಿತು. ಆ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ರೇಗನ್ ಅದಕ್ಕೆ ಸಹಿ ಹಾಕಿದರು. ಮೊದಲ ಸಲ ಇದನ್ನು ಓದಿದಾಗ ನನಗೆ ನಗು ಬಂತು. ಆಮೇಲೆ ಅದು ನಗುವ ವಿಷಯವೇ ಎಂಬ ಅನುಮಾನ ಶುರುವಾಯಿತು. ಆ ಅನುಮಾನವೇ ಈ ಬರಹ.

ಕನಸು ಮಾತ್ರ ಹಳೆಯದು. 1793ರಲ್ಲೇ ವೈದ್ಯ ಬೆಂಜಮಿನ್ ರಶ್, ಯುದ್ಧಕ್ಕೊಂದು ಕಚೇರಿ ಇರುವಂತೆ ಶಾಂತಿಗೂ ಒಂದು ಕಚೇರಿ ಇರಲಿ ಎಂದು ಬರೆದಿದ್ದ. ಅದು ಕೈಗೂಡಲು ಹತ್ತಿರ ಹತ್ತಿರ ಇನ್ನೂರು ವರ್ಷ ಬೇಕಾಯಿತು. ಪಟ್ಟು ಹಿಡಿದು ಕೆಲಸ ಮಾಡಿದವರಲ್ಲಿ ಮುಖ್ಯರು ಹವಾಯಿಯ ಸೆನೆಟರ್ ಸ್ಪಾರ್ಕ್ ಮಾತ್ಸುನಾಗಾ. ಜಪಾನಿನಿಂದ ವಲಸೆ ಬಂದವರ ಮಗ, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪರವಾಗಿ ಇಟಲಿಯಲ್ಲಿ ಹೋರಾಡಿ ಗಾಯಗೊಂಡವರು. ತನ್ನಂಥದೇ ಮುಖದ ಸಾವಿರಾರು ಜನರನ್ನು ಅನುಮಾನದ ಮೇಲೆ ಶಿಬಿರಗಳಲ್ಲಿ ಕೂಡಿಹಾಕಿದ ಸರ್ಕಾರದಿಂದಲೇ ಶಾಂತಿಗೆ ಹಣ ಕೇಳಿದವರು. ಅವರಿಗೆ ಈ ಸರ್ಕಾರದ ಕೈ ಎಷ್ಟು ಚೊಕ್ಕ ಎಂಬ ಬಗ್ಗೆ ಭ್ರಮೆ ಇದ್ದಿರಲಾರದು.

ಹಣವೆಂದರೂ ಎಷ್ಟು? ಇತ್ತೀಚಿನ ವರ್ಷಗಳಲ್ಲಿ ಸಂಸ್ಥೆಗೆ ಸಿಗುತ್ತಿದ್ದುದು ಸುಮಾರು 5.5 ಕೋಟಿ ಡಾಲರ್. ರಕ್ಷಣಾ ಬಜೆಟ್ಟು 80,000 ಕೋಟಿ ಡಾಲರಿಗೂ ಮೇಲೆ. ಒಂದು ಎಫ್-35 ಯುದ್ಧವಿಮಾನದ ಬೆಲೆಗಿಂತ ಇಡೀ ಸಂಸ್ಥೆಯ ಒಂದು ವರ್ಷದ ಖರ್ಚು ಕಡಿಮೆ. ಸೈನ್ಯ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಸುವ ಹಣ ಅದು.

ನನ್ನ ಪಿಎಚ್‌ಡಿ ಸಂಧಾನದ ನೀತಿಶಾಸ್ತ್ರದ ಬಗ್ಗೆ. ಹಾಸ್ಟೆಲಿನಲ್ಲಿ ಈ ವಿಷಯ ತೆಗೆದರೆ ಗೆಳೆಯರದು ಒಂದೇ ಮಾತು: ‘ಮನೆಗೆ ಬೆಂಕಿ ಇಟ್ಟವನೇ ಒಂದು ಕೊಡ ನೀರು ತಂದರೆ ಅವನಿಗೆ ನಮಸ್ಕಾರ ಮಾಡಬೇಕಾ?’ ಇದನ್ನು ಬಾಯಿ ಮಾತಿನಲ್ಲಿ ತಳ್ಳಿಹಾಕಲು ಆಗುವುದಿಲ್ಲ. ಅದಕ್ಕೇ ಈ ಆಕ್ಷೇಪ ಅತ್ಯಂತ ಬಲವಾಗಿ ತಾಗುವ ಊರಿಗೇ ಹೋಗೋಣ.

ಬಾಗ್ದಾದಿನ ದಕ್ಷಿಣಕ್ಕಿರುವ ಮಹ್ಮೂದಿಯಾ ಸೀಮೆಗೆ ಅಮೆರಿಕದ ಸೈನಿಕರು ಇಟ್ಟ ಹೆಸರು ‘ಸಾವಿನ ತ್ರಿಕೋನ’. 2006ರ ಮಾರ್ಚಿನಲ್ಲಿ ಅಲ್ಲಿ ಅಮೆರಿಕದ ಸೈನಿಕರ ಒಂದು ಗುಂಪು ಮನೆಯೊಂದಕ್ಕೆ ನುಗ್ಗಿ ಹದಿನಾಲ್ಕು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿ, ಅವಳನ್ನೂ, ಅಪ್ಪ ಅಮ್ಮನನ್ನೂ, ಪುಟ್ಟ ತಂಗಿಯನ್ನೂ ಕೊಂದಿತು. ಮುಂದೆ ಅಮೆರಿಕದ ನ್ಯಾಯಾಲಯಗಳೇ ಆ ಸೈನಿಕರಿಗೆ ಶಿಕ್ಷೆ ಕೊಟ್ಟವು. ಈಗ ಮುಂದಿನ ವರ್ಷಕ್ಕೆ ಬನ್ನಿ. 2007ರಲ್ಲಿ ಅದೇ ಸೀಮೆಯಲ್ಲಿ ಸುನ್ನಿ ಮತ್ತು ಶಿಯಾ ಬುಡಕಟ್ಟುಗಳ ನಡುವೆ ರಾಜಿ ಮಾಡಿಸಲು ಅಲ್ಲಿದ್ದ ಅಮೆರಿಕದ ಸೇನಾ ತುಕಡಿ ಈ ಶಾಂತಿಸಂಸ್ಥೆಯ ನೆರವು ಕೇಳಿತು. ಸಂಸ್ಥೆಯ ಜನ, ಅದು ತರಬೇತಿ ಕೊಟ್ಟಿದ್ದ ಇರಾಕಿ ಸಂಧಾನಕಾರರು ತಿಂಗಳುಗಟ್ಟಲೆ ಓಡಾಡಿದರು. ಅಕ್ಟೋಬರಿನಲ್ಲಿ 30ಕ್ಕೂ ಹೆಚ್ಚು ಶೇಖ್‌ಗಳು ಬಾಗ್ದಾದಿನಲ್ಲಿ ಕೂತು ಒಪ್ಪಂದಕ್ಕೆ ಬಂದರು. ಆ ಕಾಲದಲ್ಲಿ ಅಲ್ಲಿ ಹಿಂಸೆ ಗಣನೀಯವಾಗಿ ಇಳಿಯಿತು, ಸೈನಿಕರ ಸಂಖ್ಯೆಯನ್ನು ತಗ್ಗಿಸಲೂ ಸಾಧ್ಯವಾಯಿತು.

ಇದನ್ನು ಹೇಗೆ ನೋಡಬೇಕು? ಸಭೆ ಸೇರಿದ್ದು ಬುಡಕಟ್ಟು ಬುಡಕಟ್ಟುಗಳ ನಡುವಿನ ಲೆಕ್ಕ ಚುಕ್ತಾ ಮಾಡಲು. ಮಹ್ಮೂದಿಯಾ ಮತ್ತು ಅಮೆರಿಕದ ನಡುವಿನ ಲೆಕ್ಕಕ್ಕೆಂದು ಕರೆದ ಸಭೆ ಅದಾಗಿರಲಿಲ್ಲ. ಸಂಸ್ಥೆಯನ್ನು ಕರೆಸಿದ್ದೇ ಆ ಎರಡನೆಯ ಲೆಕ್ಕದಲ್ಲಿ ಸಾಲಗಾರನಾಗಿದ್ದ ಸೈನ್ಯ. ನಮ್ಮೂರುಗಳಲ್ಲಿ ಗಣೇಶನ ಹಬ್ಬಕ್ಕೋ ಈದ್ ಮೆರವಣಿಗೆಗೋ ಮೊದಲು ಠಾಣೆಯಲ್ಲಿ ‘ಶಾಂತಿ ಸಭೆ’ ನಡೆಯುತ್ತದಲ್ಲ, ಅದನ್ನು ನೆನೆದುಕೊಳ್ಳಿ. ಎರಡೂ ಕಡೆಯ ಹಿರಿಯರು ಬರುತ್ತಾರೆ, ಚಹಾ ಬಿಸ್ಕತ್ತು ಬರುತ್ತದೆ, ಮೆರವಣಿಗೆ ಯಾವ ಬೀದಿಯಲ್ಲಿ ಎಷ್ಟು ಗಂಟೆಗೆ ಎಂಬುದು ತೀರ್ಮಾನವಾಗುತ್ತದೆ. ಸಭೆಯನ್ನು ನಡೆಸುವವರು ಇನ್ಸ್‌ಪೆಕ್ಟರು. ಅವರ ಲಾಠಿ ಕುರ್ಚಿಗೆ ಒರಗಿರುತ್ತದೆ. ಅಲ್ಲಿ ಪೊಲೀಸರ ಮೇಲಿನ ದೂರೊಂದನ್ನು ಬಿಟ್ಟು ಉಳಿದೆಲ್ಲ ದೂರುಗಳನ್ನೂ ಹೇಳಿಕೊಳ್ಳಬಹುದು. ಆದರೂ ಎಷ್ಟೋ ಊರುಗಳಲ್ಲಿ ಕಲ್ಲು ಬೀಳದೆ ಹಬ್ಬ ಮುಗಿಯುವುದರ ಹಿಂದೆ ಆ ಸಭೆಯ ಪಾಲೂ ಇದೆ ಎಂದು ನಾನು ನಂಬುತ್ತೇನೆ. ಅರ್ಧ ಶಾಂತಿ ಅದು. ಅರ್ಧ ಬೇಡ, ಪೂರ್ತಿ ಬರುವವರೆಗೆ ಕಾಯುತ್ತೇವೆ ಎನ್ನುವ ಧೈರ್ಯ ಕಲ್ಲು ಬೀಳದ ಬೀದಿಯಲ್ಲಿ ಇರುವವರಿಗೆ ಮಾತ್ರ ಬರುತ್ತದೆ.

ಹಾಗಾದರೆ ಶುದ್ಧ ಹಣ ಬೇರೆಲ್ಲಾದರೂ ಇದೆಯೇ? ಸ್ವೀಡನ್ ನೋಡಿ. ನೂರೈವತ್ತು ವರ್ಷ ಯುದ್ಧವಿಲ್ಲದೆ ಬದುಕಿದ ನೆನಪಿಗೆಂದು ಅಲ್ಲಿನ ಸಂಸತ್ತು 1966ರಲ್ಲಿ ಸ್ಟಾಕ್‌ಹೋಮ್ ಶಾಂತಿ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ಯಾವ ದೇಶ ಯಾರಿಗೆ ಎಷ್ಟು ಶಸ್ತ್ರ ಮಾರಿತು ಎಂಬ ಅದರ ಲೆಕ್ಕವನ್ನು ಇಂದು ಜಗತ್ತೇ ನಂಬುತ್ತದೆ. 1986ರಲ್ಲಿ ನಮಗೆ ಬೋಫೋರ್ಸ್ ಫಿರಂಗಿ ಮಾರಿದ್ದೂ ಅದೇ ದೇಶದ ಕಂಪನಿ. ಆ ಬೋಫೋರ್ಸ್ ಕಾರ್ಖಾನೆಗೆ ಒಂದು ಕಾಲದ ಒಡೆಯ ಯಾರು ಎಂದರೆ ಆಲ್ಫ್ರೆಡ್ ನೊಬೆಲ್. ಶಾಂತಿಯ ಹಣದ ಬೇರು ಹುಡುಕುತ್ತ ಹೋದರೆ ಮದ್ದುಗುಂಡಿನ ವಾಸನೆ ಬರದ ಜಾಗ ಸಿಗುವುದು ಕಷ್ಟ.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆ ನಮ್ಮಲ್ಲೇ ಇತ್ತು. 1957ರಲ್ಲಿ ವಿನೋಬಾ ಭಾವೆ ಶಾಂತಿಸೇನೆಯನ್ನು ಕಟ್ಟಿದಾಗ, ಅದರ ಖರ್ಚಿಗೆ ಸರ್ಕಾರದತ್ತ ಕೈ ಚಾಚದೆ ‘ಸರ್ವೋದಯ ಪಾತ್ರೆ’ಯ ಕಲ್ಪನೆ ತಂದರು. ಮನೆಮನೆಯಲ್ಲೊಂದು ಪಾತ್ರೆ, ಅದಕ್ಕೆ ದಿನಕ್ಕೊಂದು ಹಿಡಿ ಧಾನ್ಯ, ಅದೂ ಮನೆಯ ಮಗುವಿನ ಕೈಯಿಂದ. ಕೊಡುವವನಿಗೂ ಅದು ಪ್ರತಿದಿನದ ಪ್ರತಿಜ್ಞೆ. ಇದಕ್ಕಿಂತ ಸುಂದರವಾದ ಬಜೆಟ್ಟನ್ನು ನಾನು ಇನ್ನೆಲ್ಲೂ ಓದಿಲ್ಲ. ಆದರೆ ಅದು ವಿನೋಬಾ, ಜೆ.ಪಿ.ಯಂಥವರ ನೈತಿಕ ಬಲದ ಮೇಲೆ ನಿಂತಿತ್ತು. ಎಪ್ಪತ್ತರ ದಶಕದಲ್ಲಿ ಅವರಿಬ್ಬರ ದಾರಿಗಳೇ ಬೇರೆಯಾದಾಗ ಸೇನೆಯೂ ಸೊರಗಿತು. ತೆರಿಗೆಯ ಹಣಕ್ಕೆ ಆ ಸೌಂದರ್ಯ ಇಲ್ಲ. ಕೊಡುವವನಿಗೆ ತಾನು ಕೊಡುತ್ತಿದ್ದೇನೆ ಎಂಬುದೂ ಗೊತ್ತಿರುವುದಿಲ್ಲ. ಆದರೆ ಮಹಾತ್ಮರು ಹುಟ್ಟದ ವರ್ಷದಲ್ಲೂ ಅದು ಬರುತ್ತದೆ.

ನಮ್ಮ ಮಾರ್ಗದರ್ಶಕರ ಆಕ್ಷೇಪ ಬೇರೆ ದಿಕ್ಕಿನದು. ‘ಹಣ ಯಾರದಾದರೂ ಇರಲಿ ಕಣಯ್ಯ, ಅದರಿಂದ ಏನಾದರೂ ಆಯಿತು ಅನ್ನೋದಕ್ಕೆ ಸಾಕ್ಷಿ ಏನು?’ ಎಂದು ಕೇಳಿದರು. ಈ ಪ್ರಶ್ನೆ ನನ್ನನ್ನು ಗೆಳೆಯರ ಪ್ರಶ್ನೆಗಿಂತ ಹೆಚ್ಚು ಕಾಡಿದೆ. ಅದಕ್ಕೆ ಇರಾಕಿನದೇ ಇನ್ನೊಂದು ಊರಿಗೆ ಹೋಗಬೇಕು.

2014ರ ಜೂನ್‌ನಲ್ಲಿ ಐಸಿಸ್ ತಿಕ್ರೀತ್ ನಗರವನ್ನು ಹಿಡಿದಾಗ, ಹತ್ತಿರದ ಸ್ಪೈಕರ್ ನೆಲೆಯಿಂದ ಹೊರಟಿದ್ದ ನಿರಾಯುಧ ತರುಣ ಕೆಡೆಟ್‌ಗಳನ್ನು ಸೆರೆಹಿಡಿದು ಕೊಂದಿತು. ಸತ್ತವರು 1,700ರವರೆಗೆ ಇರಬಹುದೆಂಬ ಅಂದಾಜಿದೆ. ಹೆಚ್ಚಿನವರು ಶಿಯಾ ಹುಡುಗರು. ತಿಕ್ರೀತ್ ಸುನ್ನಿಗಳ ಊರು. ಸ್ಥಳೀಯ ಬುಡಕಟ್ಟಿನವರೂ ಕೈಜೋಡಿಸಿದ್ದರೆಂಬ ಆರೋಪ ಹಬ್ಬಿತು. ಮುಂದಿನ ವರ್ಷದ ವಸಂತದಲ್ಲಿ ಇರಾಕಿ ಪಡೆಗಳು ನಗರವನ್ನು ಮರಳಿ ಗೆದ್ದಾಗ ಎಲ್ಲರೂ ಹೆದರಿದ್ದು ಸೇಡಿಗೆ. ಬುಡಕಟ್ಟಿನ ಕಟ್ಟಳೆಯಲ್ಲಿ ಒಬ್ಬನ ತಪ್ಪಿಗೆ ಕುಲವೇ ಹೊಣೆ. ಊರು ಬಿಟ್ಟ ಸುನ್ನಿ ಕುಟುಂಬಗಳು ಮರಳಿದರೆ ಇನ್ನೊಂದು ಹತ್ಯಾಕಾಂಡ ಖಚಿತ ಎಂಬ ಮಾತಿತ್ತು.

ಆಗ ಸಂಸ್ಥೆಯ ಬೆಂಬಲದೊಂದಿಗೆ ‘ಸನದ್’ ಎಂಬ ಇರಾಕಿ ಸಂಘಟನೆ ಮತ್ತು ಅಲ್ಲಿನ ಸಂಧಾನಕಾರರು ಎರಡೂ ಕಡೆಯ ಶೇಖ್‌ಗಳ ನಡುವೆ ಓಡಾಡಿದರು. ಮೊದಲು ಬೇರೆಬೇರೆಯಾಗಿ, ಆಮೇಲೆ ಒಂದೇ ಕೋಣೆಯಲ್ಲಿ. ಕೇಳಿಸಿಕೊಳ್ಳುವುದೇ ಬಹುಪಾಲು ಕೆಲಸ. ಕಡೆಗೆ ಶಿಯಾ ಹಿರಿಯರು ಇಡೀ ಕುಲವನ್ನು ಹೊಣೆಯಾಗಿಸುವುದನ್ನು ಬಿಟ್ಟು ಕೊಂದವರನ್ನು ಮಾತ್ರ ಕಾನೂನಿಗೆ ಬಿಡಲು ಒಪ್ಪಿದರು, ಸುನ್ನಿ ಹಿರಿಯರು ಹತ್ಯೆಯನ್ನು ಬಹಿರಂಗವಾಗಿ ಖಂಡಿಸಿದರು. ಕುಟುಂಬಗಳು ತಿಕ್ರೀತಿಗೆ ಮರಳತೊಡಗಿದವು. ಎಲ್ಲರೂ ಹೆದರಿದ್ದ ಪ್ರಮಾಣದ ಹತ್ಯಾಕಾಂಡ ನಡೆಯಲಿಲ್ಲ.

ಮೇಷ್ಟ್ರ ಪ್ರಶ್ನೆ ಇಲ್ಲೇ ನಿಲ್ಲುತ್ತದೆ. ನಡೆಯಲಿಲ್ಲ, ಸರಿ. ಸಂಧಾನ ಆಗದಿದ್ದರೆ ನಡೆಯುತ್ತಿತ್ತು ಎನ್ನಲು ಏನು ಆಧಾರ? ಆಧಾರ ಇಲ್ಲ, ಇರಲು ಸಾಧ್ಯವೂ ಇಲ್ಲ. ಒಂದು ಬಾಂಬು ಬಿದ್ದರೆ ಎಷ್ಟು ಜನ ಸತ್ತರೆಂದು ಎಣಿಸಬಹುದು. ಬೀಳದ ಬಾಂಬಿನಿಂದ ಬದುಕಿದವರಿಗೆ ತಾವು ಬದುಕಿಕೊಂಡೆವು ಎಂಬುದೇ ತಿಳಿದಿರುವುದಿಲ್ಲ. ಬಯಲುಸೀಮೆಯ ಕೆರೆಗಳಿಗೆ ನೀರುಗಂಟಿ ಎಂಬವನಿರುತ್ತಿದ್ದ. ತೂಬು ನೋಡುವುದು, ನೀರು ಹಂಚುವುದು, ಏರಿಯಲ್ಲಿ ಇಲಿ ಬಿಲವೋ ಬಿರುಕೋ ಕಂಡರೆ ಮಣ್ಣು ತುಂಬುವುದು ಅವನ ಕೆಲಸ. ಏರಿ ಒಡೆದ ವರ್ಷ ಊರೆಲ್ಲ ಅವನನ್ನು ಬೈಯುತ್ತಿತ್ತು, ಒಡೆಯದ ವರ್ಷ ಅವನ ನೆನಪೂ ಯಾರಿಗೂ ಆಗುತ್ತಿರಲಿಲ್ಲ. ಹಾಗಿದ್ದೂ ಸುಗ್ಗಿಯಲ್ಲಿ ಊರು ಅವನ ಪಾಲಿನ ಧಾನ್ಯ ಅಳೆದು ಕೊಡುತ್ತಿತ್ತು, ಈ ವರ್ಷ ನೀನು ತಪ್ಪಿಸಿದ ಪ್ರವಾಹ ತೋರಿಸು ಎನ್ನುತ್ತಿರಲಿಲ್ಲ. ಇಂಥ ಕೆಲಸಕ್ಕೆ ಸಾರ್ವಜನಿಕ ಹಣವೇ ಬೇಕೆಂದು ನಾನು ವಾದಿಸುವುದು ಈ ಕಾರಣಕ್ಕೆ. ದಾನಿಗೆ ಫೋಟೋ ಬೇಕು, ಕಂಪನಿಗೆ ಲಾಭ ಬೇಕು. ಸಾಕ್ಷಿ ಕೊಡಲಾಗದ ಒಳಿತಿಗೆ ಹಣ ಕೊಡಲು ಒಪ್ಪುವುದು, ಒಪ್ಪಬೇಕಾದದ್ದು ಊರು ಮಾತ್ರ. (ನಾನೂ ಸರ್ಕಾರದ ಫೆಲೋಶಿಪ್ಪಿನಲ್ಲಿ ಓದುತ್ತಿರುವವನು. ನನ್ನ ವಾದದಲ್ಲಿ ಸ್ವಾರ್ಥವೂ ಇದೆ ಎಂದರೆ ಇಲ್ಲವೆನ್ನಲಾರೆ.)

ಗೆಳೆಯರಿಗೆ ನಾನು ಕೊಡುವ ಉತ್ತರವೂ ತಿಕ್ರೀತಿನಲ್ಲೇ ಇದೆ. ಹಣ ಎಷ್ಟು ಶುದ್ಧ ಎಂದು ಕೇಳುತ್ತ ಕೂತರೆ ಎಲ್ಲೂ ತಲುಪುವುದಿಲ್ಲ. ಸಭೆಯಲ್ಲಿ ಕೂತವರು ‘ಆಗುವುದಿಲ್ಲ’ ಎಂದು ಎದ್ದು ಹೋಗಬಹುದೇ, ಮಾತಾಡುವ ಭಾಷೆ ಯಾರದು, ಹಣ ಕೊಟ್ಟವನ ಮೇಲಿನ ದೂರನ್ನೂ ಅಲ್ಲಿ ಇಡಬಹುದೇ, ಇವನ್ನು ಕೇಳಬೇಕು. ತಿಕ್ರೀತಿನಲ್ಲಿ ಮಾತಾಡಿದವರು ಇರಾಕಿಗಳು, ಬೇಡವೆನ್ನುವ ಹಕ್ಕು ಶೇಖ್‌ಗಳದು, ಅಮೆರಿಕದ ಹಣ ಗೋಡೆಯ ಹಿಂದಿತ್ತು. ಮಹ್ಮೂದಿಯಾದಲ್ಲಿ ಸೈನ್ಯ ಬಾಗಿಲಲ್ಲೇ ನಿಂತಿತ್ತು. ಹಣ ಎರಡೂ ಕಡೆ ಒಂದೇ ಖಜಾನೆಯದು. ನನ್ನ ಮಟ್ಟಿಗೆ ಈ ಎರಡು ಶಾಂತಿಗಳು ಒಂದೇ ತೂಕದವಲ್ಲ.

ಆದರೆ ಕೊಟ್ಟ ಕೈ ಹಿಂತೆಗೆದುಕೊಳ್ಳಲೂ ಬಲ್ಲದು. ಇದನ್ನು ಊಹಿಸಿಯೇ ಕಾನೂನು ಬರೆದವರು ಆಡಳಿತ ಮಂಡಳಿಯ 15 ಮಂದಿಯಲ್ಲಿ ಒಂದೇ ಪಕ್ಷದವರು 8ಕ್ಕಿಂತ ಹೆಚ್ಚು ಇರಕೂಡದೆಂದು ಕಟ್ಟುಮಾಡಿದ್ದರು. 2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್ ಸಂಸ್ಥೆಯನ್ನು ಕನಿಷ್ಠಕ್ಕೆ ಇಳಿಸಲು ಆದೇಶಿಸಿದರು. ಮಾರ್ಚಿನಲ್ಲಿ ಮಂಡಳಿಯ ಬಹುತೇಕ ಸದಸ್ಯರನ್ನು ವಜಾ ಮಾಡಲಾಯಿತು, ಡೋಜ್ ತಂಡ ಪೊಲೀಸರ ನೆರವಿನೊಂದಿಗೆ ಕಟ್ಟಡದೊಳಕ್ಕೆ ಹೋಯಿತು, ತಿಂಗಳ ಕೊನೆಗೆ ಹೆಚ್ಚಿನ ಸಿಬ್ಬಂದಿ ಕೆಲಸ ಕಳೆದುಕೊಂಡಿದ್ದರು. ಮೇ ತಿಂಗಳಲ್ಲಿ ನ್ಯಾಯಾಧೀಶೆ ಬೆರಿಲ್ ಹೋವೆಲ್ ಇದು ಕಾನೂನುಬಾಹಿರ ಎಂದರು. ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ಡಿಸೆಂಬರಿನಲ್ಲಿ ಕಟ್ಟಡದ ಮೇಲೆ ಟ್ರಂಪ್ ಅವರ ಹೆಸರು ಬಂತು.

ವಾಸ್ತುಶಿಲ್ಪಿ ಮೋಶೆ ಸಾಫ್ಡಿ ವಿನ್ಯಾಸ ಮಾಡಿದ ಆ ಕಟ್ಟಡದ ಬಿಳಿ ಚಾವಣಿ ರೆಕ್ಕೆ ಬಿಚ್ಚಿದ ಹಕ್ಕಿಯಂತಿದೆ. ಫೋಟೋದಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ನನ್ನ ತಲೆಯಲ್ಲಿ ಕೂತಿರುವುದು ಮಾತ್ರ ಫೋಟೋದಲ್ಲಿ ಸಿಗದ ಒಂದು ಕೋಣೆ. ಮೊನ್ನೆ ಮೇಷ್ಟ್ರಿಗೆ ಅಧ್ಯಾಯದ ಕರಡು ಕೊಟ್ಟೆ. ತಿಕ್ರೀತಿನ ಭಾಗದ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ‘ಸಾಕ್ಷಿ?’ ಎಂದು ಬರೆದು ವಾಪಸು ಕೊಟ್ಟಿದ್ದಾರೆ. ಅದರ ಕೆಳಗೆ ನಾನು ನೀರುಗಂಟಿಯ ಬಗ್ಗೆ ಒಂದು ಅಡಿಟಿಪ್ಪಣಿ ಸೇರಿಸಿದ್ದೇನೆ. ಅವರು ಒಪ್ಪುತ್ತಾರೋ ಇಲ್ಲವೋ, ಮುಂದಿನ ವಾರ ತಿಳಿಯುತ್ತದೆ.