ಕದ್ರಿಯ ಗುಹೆ ಕಲಿಸುವ ಪಾಠ



ಪಂಪ್‌ವೆಲ್‌ನಲ್ಲಿ ಬಸ್ಸಿನಿಂದಿಳಿದು ಕದ್ರಿಗೆ ಬರುವ ಹೆಚ್ಚಿನವರು ಕೆರೆಯಲ್ಲಿ ಮಿಂದು, ಶ್ರೀ ಮಂಜುನಾಥನ ದರ್ಶನ ಮಾಡಿ, ಗೋಮುಖದ ತೀರ್ಥ ತೆಗೆದುಕೊಂಡು ಹಿಂದಿರುಗುತ್ತಾರೆ. ಬಸ್ಸಿಗೆ ಹೊತ್ತಾಯಿತೆಂಬ ಅವಸರ. ದಯವಿಟ್ಟು ಇನ್ನೂ ಸ್ವಲ್ಪ ಮೇಲೆ ಹತ್ತಿ. ಅಲ್ಲಿ ಜೋಗಿ ಮಠ ಉಂಟು, ಕಲ್ಲಿನಲ್ಲಿ ಕೊರೆದ ಗುಹೆಗಳುಂಟು.

ಪಾಂಡವರು ವನವಾಸ ಕಾಲದಲ್ಲಿ ಇಲ್ಲಿ ತಂಗಿದ್ದರೆಂಬುದು ಹಿರಿಯರಿಂದ ಬಂದ ನಂಬಿಕೆ. ಆದ್ದರಿಂದ ಜನರು ಇವನ್ನು ಪಾಂಡವರ ಗುಹೆ ಎನ್ನುತ್ತಾರೆ. ಇದು ನಾಥಪಂಥದ ಯೋಗಿಗಳ ತಪೋಭೂಮಿಯೂ ಹೌದು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಇಲ್ಲಿಗೆ ಬಂದು, ಜೋಗಿಗಳ ಅರಸನನ್ನು ಕಂಡು ಬರೆದಿಟ್ಟಿದ್ದಾನೆ. ಇಂದಿಗೂ ಹನ್ನೆರಡು ವರ್ಷಕ್ಕೊಮ್ಮೆ ನಾಥ ಸಾಧುಗಳು ತ್ರ್ಯಂಬಕೇಶ್ವರದಿಂದ ನಡೆದೇ ಬಂದು ಇಲ್ಲಿ ಹೊಸ ಮಠಾಧಿಪತಿಗೆ ಪಟ್ಟ ಕಟ್ಟುತ್ತಾರೆ. 2016ರಲ್ಲಿಯೂ ಹಾಗೆಯೇ ನಡೆಯಿತು.

ಈಗ ಗುಹೆಯನ್ನೇ ನೋಡಿ. ನಾವು ಮನೆ ಕಟ್ಟುವುದು ಹೇಗೆ? ಕಲ್ಲಿನ ಮೇಲೆ ಕಲ್ಲಿಟ್ಟು. ಗುಹೆ ಆಗುವುದು ಹೇಗೆ? ಇದ್ದ ಕಲ್ಲನ್ನು ತೆಗೆದು ಹಾಕಿ. ಬೇಡದ್ದು ಹೋದಷ್ಟೂ ಒಳಗೆ ಜಾಗ ಆಗುತ್ತದೆ. ನಾವಾದರೋ ದೇವರ ಮುಂದೆ ನಿಂತು, "ಅದು ಕೊಡು, ಇದು ಕೊಡು" ಅನ್ನುತ್ತೇವೆ. ಕೊಟ್ಟರೆ ಇಡುವುದಕ್ಕೆ ಒಳಗೆ ಜಾಗ ಬೇಡವೇ?

ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಆಳುಪ ಅರಸ ಕುಂದವರ್ಮನು 968ರಲ್ಲಿ ಕದರಿಕಾ ವಿಹಾರದಲ್ಲಿ ಇದನ್ನು ಸ್ಥಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಲೋಕೇಶ್ವರ ಎಂದರೆ ಬೌದ್ಧರು ಪೂಜಿಸುವ ಅವಲೋಕಿತೇಶ್ವರ. ಅರಸನೋ ಶಿವಭಕ್ತ! ಅದೇ ಶಾಸನ ಅವನನ್ನು ಚಂದ್ರಶೇಖರನ ಪಾದಕಮಲದ ದುಂಬಿ ಎಂದು ಹೊಗಳುತ್ತದೆ. ಆ ಶಿವಭಕ್ತನ ಎದೆಯಲ್ಲಿ ಇನ್ನೊಬ್ಬರ ದೇವರಿಗೂ ಜಾಗವಿತ್ತು. ನಮ್ಮ ಎದೆಯಲ್ಲಿ ಒಡಹುಟ್ಟಿದವರಿಗಾದರೂ ಜಾಗ ಉಂಟೋ?

ಪಾಲುಪಟ್ಟಿಯ ದಿನ ಬಿಟ್ಟ ಮಾತು ಹತ್ತು ವರ್ಷವಾದರೂ ಕೂಡದ ಮನೆಗಳು ಎಷ್ಟಿಲ್ಲ! ಅಂಥವರು ಈ ಊರಿನ ಮುರಕಲ್ಲನ್ನು ನೋಡಬೇಕು. ನೆಲದಿಂದ ಆಗಷ್ಟೇ ಕಡಿದಾಗ ಅದು ಮೆದು, ಕೊಡಲಿಗೂ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಬಿಟ್ಟರೆ ಗಟ್ಟಿಯಾಗುತ್ತಾ ಹೋಗುತ್ತದೆ. ಸಿಟ್ಟೂ ಹಾಗೆಯೇ. ಹೊಸದಿರುವಾಗ ಒಂದು ಮಾತಿನಲ್ಲಿ ಕರಗುತ್ತದೆ. ಹಾಗೆಯೇ ಬಿಟ್ಟರೆ ಗೋಡೆಯಾಗುತ್ತದೆ. ಆದರೂ ಹೆದರಬೇಡಿ, ಗಟ್ಟಿ ಕಲ್ಲನ್ನೂ ದಿನಕ್ಕಿಷ್ಟು ಕೆತ್ತಬಹುದು. ಮೊದಲ ಪೆಟ್ಟು ಹಾಕಬೇಕು, ಅಷ್ಟೇ.

ಗುಹೆಯೊಳಗೆ ಹೆಸರು ಕೆತ್ತಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ. ಇದನ್ನು ಕೊರೆದವರೇ ತಮ್ಮ ಹೆಸರು ಬಿಟ್ಟು ಹೋಗಲಿಲ್ಲ. ಎರಡು ನಿಮಿಷ ಸುಮ್ಮನೆ ಕುಳಿತು, ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರನ್ನು ನೆನೆಯಿರಿ. ಊರಿಗೆ ಮುಟ್ಟಿದ ಮೇಲೆ ಪ್ರಸಾದದ ಒಂದು ಪಾಲನ್ನು ಅವರ ಮನೆಗೆ ನೀವೇ ಕೊಂಡುಹೋಗಿ ಕೊಡಿ. ಯಾತ್ರೆ ಪೂರ್ಣವಾಗುವುದು ಆ ಮನೆಯ ಬಾಗಿಲಲ್ಲಿ.

ಶ್ರೀ ಮಂಜುನಾಥನು ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.